ಬಬಿಯಾ ಸತ್ತ ಮೇಲೆ ಆ ಪ್ರಶ್ನೆ ಕೇಳಬಹುದಾ?

ಕಾಸರಗೋಡಿನ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾ ಇಂಗ್ಲಿಷ್ ವ್ಯಾಕರಣದ ಪಾಠಕ್ಕೂ ಬರುತ್ತದೆಂದು ಯಾರು ಎಣಿಸಿದ್ದರು! ಈ ವಾರ ಕುಂಬಳೆ ಕಡೆಯ ಒಂದು ರಜಾ ಶಿಬಿರದಲ್ಲಿ ಟೀಚರು ಬೋರ್ಡಿನ ಮೇಲೆ ಬರೆದರು: ‘ಹ್ಯಾವ್ ಯು ಎವರ್ ಸೀನ್ ಬಬಿಯಾ?’ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಾ ಬಂದರು. ‘ಎಸ್, ಐ ಹ್ಯಾವ್’, ‘ನೋ, ಐ ಹ್ಯಾವಂಟ್’ ಎಂದು ಸಾಲು ಸರಾಗವಾಗಿ ಸಾಗುತ್ತಿತ್ತು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತವನು ಉತ್ತರದ ಬದಲು ತಾನೇ ಕೇಳಿದ:

‘ಬಬಿಯಾ ಸತ್ತಿದೆಯಲ್ಲ ಟೀಚರ್, ಈಗ ಹಾಗೆ ಕೇಳ್ಲಿಕ್ಕೆ ಆಗ್ತದಾ?’

‘ಅಧಿಕಪ್ರಸಂಗ ಬೇಡ. ಎಸ್ಸೋ ನೋವೋ ಹೇಳು.’

ಉಳಿದವರು ನಕ್ಕರು. ಹುಡುಗ ‘ನೋ’ ಎಂದು ಕೂತ.

ಟೀಚರನ್ನು ಬೈಯುವ ಹಾಗಿಲ್ಲ. ಗೈಡಿನಲ್ಲಿರುವ ತಾಜಮಹಲನ್ನು ಬಿಟ್ಟು ಊರಿನ ಬಬಿಯಾನನ್ನು ತಂದರಲ್ಲ, ಅಷ್ಟು ಮಾಡುವವರೇ ಕಡಿಮೆ. ಆದರೆ ಹುಡುಗ ಕೇಳಿದ್ದು ಅಧಿಕಪ್ರಸಂಗವಲ್ಲ. ಪ್ರೆಸೆಂಟ್ ಪರ್ಫೆಕ್ಟ್ (‘ಹ್ಯಾವ್’ ಜೊತೆ ಕ್ರಿಯಾಪದದ ಮೂರನೆಯ ರೂಪ ಬರುವ ಕಾಲ) ಕಲಿಸುವ ಎಷ್ಟೋ ಮಂದಿ ಮುಟ್ಟದೇ ಬಿಡುವ ಜಾಗಕ್ಕೇ ಅವನು ಕೈ ಹಾಕಿದ್ದ.

‘ಹ್ಯಾವ್ ಯು ಎವರ್’ ಎಂದರೆ ಹುಟ್ಟಿದಂದಿನಿಂದ ಈ ಗಳಿಗೆಯವರೆಗೆ ಯಾವತ್ತಾದರೂ ಎಂದು. ಆ ಅವಧಿ ಇನ್ನೂ ಮುಗಿದಿಲ್ಲ, ಇಂದು ಇಲ್ಲದಿದ್ದರೆ ನಾಳೆ ಆಗಬಹುದು ಎನ್ನುವುದು ಪ್ರಶ್ನೆಯ ಒಳಗೇ ಇದೆ. ಬೇಕಲ ಕೋಟೆ ಅಲ್ಲೇ ಇದೆ, ಪೊಸಡಿ ಗುಂಪೆ ಗುಡ್ಡ ಅಲ್ಲೇ ಇದೆ. ಅವುಗಳ ಬಗ್ಗೆ ಧಾರಾಳವಾಗಿ ಹಾಗೆ ಕೇಳಬಹುದು. ಬಬಿಯಾ ಸತ್ತದ್ದು 2022ರ ಅಕ್ಟೋಬರಿನಲ್ಲಿ. ನೋಡದವರು ಇನ್ನು ನೋಡುವುದಕ್ಕಿಲ್ಲ. ಆದ್ದರಿಂದ ಅಲ್ಲಿ ಸಹಜವಾಗಿ ಬರುವುದು ‘ಡಿಡ್ ಯು ಎವರ್ ಸೀ ಬಬಿಯಾ?’ ಎಂಬ ರೂಪ. ‘ಎವರ್’ ಉಳಿಯುತ್ತದೆ, ‘ಹ್ಯಾವ್’ ಇದ್ದಲ್ಲಿ ‘ಡಿಡ್’ ಬರುತ್ತದೆ, ‘ಸೀನ್’ ಹೋಗಿ ‘ಸೀ’ ಆಗುತ್ತದೆ. ಟೀಚರ ವಾಕ್ಯ ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ, ಆದರೆ ಪಳಗಿದ ಕಿವಿಗೆ ಸ್ವಲ್ಪ ತೊಡಕು. ಕರ್ತೃವೇ ಸತ್ತವರಾದರೆ ಮಾತ್ರ ತಪ್ಪು ಎದ್ದು ಕಾಣುತ್ತದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಬಗ್ಗೆ ‘ಹ್ಯಾಸ್ ಲಿವ್ಡ್ ಇನ್ ಮಂಜೇಶ್ವರ’ ಎನ್ನಲಾಗದು, ‘ಲಿವ್ಡ್’ ಅಷ್ಟೇ. (2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಹೆಸರು ಬಿಟ್ಟು ‘ಅನಂತಪುರದ ಮೊಸಳೆ’ ಎಂದಿದ್ದರೆ ಟೀಚರ ‘ಹ್ಯಾವ್’ಗೆ ಏನೂ ಅಡ್ಡಿಯಿರಲಿಲ್ಲ!)

‘ಕೇಳ್ಲಿಕ್ಕೆ ಆಗ್ತದಾ?’ ಎಂಬ ಆ ಮಾತು ಮೊಸಳೆಗೆ ಮಾತ್ರ ಸಂಬಂಧಿಸಿದ್ದಲ್ಲ. ಎಂಬತ್ತು ದಾಟಿದ ಅಜ್ಜಿಯ ಹತ್ತಿರ ‘ಹ್ಯಾವ್ ಯು ಎವರ್ ಫ್ಲೋನ್?’ ಎಂದರೆ ಇನ್ನೂ ವಿಮಾನ ಹತ್ತಬಹುದು ಎಂದು ಒಪ್ಪಿಕೊಂಡ ಹಾಗೆ. ‘ಡಿಡ್ ಯು ಎವರ್ ಫ್ಲೈ?’ ಎಂದರೆ ಅವರ ಲೆಕ್ಕ ಚುಕ್ತಾ ಮಾಡಿದ ಹಾಗೆ ಕೇಳಿಸಬಹುದು. ಅಮೆರಿಕದವರು ಮಾತಿನಲ್ಲಿ ಎರಡಕ್ಕೂ ‘ಡಿಡ್’ ಹಾಕುವುದುಂಟು, ಅದು ಬೇರೆ. ನಮ್ಮಲ್ಲಿ ವಯಸ್ಸಾದವರಿಗೆ ‘ಡಿಡ್’ ಹಾಕುವವರೇ ಜಾಸ್ತಿ, ಇಂಗ್ಲಿಷ್ ಬಾರದವರೂ ಸೇರಿ.

ಕಾಸರಗೋಡಿನ ಮಕ್ಕಳಿಗೆ ಈ ‘ಹ್ಯಾವ್ ಯು ಎವರ್’ ಕಷ್ಟವಾಗಬಾರದು. ‘ನೋಡಿ ಗೊತ್ತುಂಟಾ?’, ‘ತಿಂದು ಗೊತ್ತಿಲ್ಲ’ ಎಂದು ಮನೆಯಲ್ಲಿ ಆಡುವುದೂ ಇದನ್ನೇ. ಪಕ್ಕದ ಮನೆಯ ಮಲಯಾಳದ ‘ಪೋಯಿಟ್ಟುಂಡೋ’ (ಹೋದದ್ದುಂಟಾ) ಕೂಡ ಇದೇ. ಮೊದಲು ಹೀಗೆ ಬಾಯಲ್ಲಿ ಹೇಳಿಸಿ, ಆಮೇಲೆ ಬೋರ್ಡಿಗೆ ಬಂದರೆ ಅರ್ಧ ಕೆಲಸ ಮುಗಿಯಿತು. ಕ್ರಿಯಾಪದಗಳ ಪಟ್ಟಿಯನ್ನು ಅಕಾರಾದಿಯಾಗಿ ಬಾಯಿಪಾಠ ಮಾಡಿಸುವುದು ದಂಡ. ಅನುಭವ ಕೇಳಲು ಬೀನ್, ಸೀನ್, ಈಟನ್, ರಿಡನ್, ಸ್ವಮ್, ಫ್ಲೋನ್, ಬ್ರೋಕನ್, ಮೆಟ್, ಲಾಸ್ಟ್, ವನ್ ಎಂಬ ಹತ್ತು ಮೂರನೆಯ ರೂಪಗಳು ಬಂದರೆ ಸಾಕು. ಇವು ಗಟ್ಟಿಯಾಗದಿದ್ದರೆ ‘ಹ್ಯಾವ್ ಯು ಎವರ್ ಸಾ’, ‘ಎವರ್ ವೆಂಟ್’ ಬರುವುದು ಖಂಡಿತ.

ಕಷ್ಟ ಶುರುವಾಗುವುದು ಎರಡನೆಯ ಮಾತಿನಲ್ಲಿ. ತರಗತಿ ಬಿಟ್ಟ ಮೇಲೆ ಅದೇ ಹುಡುಗ ಪಕ್ಕದವನಿಗೆ ಹೇಳುತ್ತಿದ್ದ: ‘ಸಣ್ಣದಿರುವಾಗ ಅಜ್ಜನ ಒಟ್ಟಿಗೆ ಹೋಗಿ ನೋಡಿದ್ದೇನೆ ಮಾರಾಯ.’ ಅಂದರೆ ಒಳಗೆ ಹೇಳಿದ ‘ನೋ’ ಸುಳ್ಳು, ಬೈಗುಳ ತಪ್ಪಿಸಲು ಹೇಳಿದ್ದು. ಕನ್ನಡದಲ್ಲಿ ‘ಸಣ್ಣದಿರುವಾಗ ನೋಡಿದ್ದೇನೆ’, ‘2019ರಲ್ಲಿ ನೋಡಿದ್ದೇನೆ’ ಎರಡೂ ಸರಿ. ಅದನ್ನೇ ಇಂಗ್ಲಿಷಿಗೆ ಎತ್ತಿಟ್ಟರೆ ‘ಐ ಹ್ಯಾವ್ ಸೀನ್ ಇಟ್ ಇನ್ 2019’ ಆಗುತ್ತದೆ, ಅದು ತಪ್ಪು. ಮುಗಿದುಹೋದ ಕಾಲ ಹೇಳಿದ ಕೂಡಲೇ ‘ಹ್ಯಾವ್’ ಬಿಡಬೇಕು: ‘ಐ ಸಾ ಇಟ್ ಇನ್ 2019’, ‘ಐ ಸಾ ಇಟ್ ವೆನ್ ಐ ವಾಸ್ ಸ್ಮಾಲ್’. ಕೇಳುವವರಿಗೂ ಇದೇ ಕಟ್ಟಳೆ. ಮೊದಲ ಪ್ರಶ್ನೆ ಮಾತ್ರ ‘ಹ್ಯಾವ್’ನಲ್ಲಿ, ಯಾವಾಗ, ಯಾರ ಜೊತೆ, ಹೇಗೆ ಹೋದದ್ದು ಎಂಬುದೆಲ್ಲ ‘ಡಿಡ್’ನಲ್ಲಿ. ಇಬ್ಬಿಬ್ಬರನ್ನು ಕೂರಿಸಿ ಒಂದು ‘ಹ್ಯಾವ್’ಗೆ ಮೂರು ‘ಡಿಡ್’ ಎಂದು ಆಡಿಸಿದರೆ ಸಂಭಾಷಣೆ ತಾನಾಗಿ ಬೆಳೆಯುತ್ತದೆ. ‘ಎಸ್ಸೋ ನೋವೋ’ ಎಂದು ಸಾಲು ಮುಗಿಸಿದರೆ ಏನೂ ಬೆಳೆಯುವುದಿಲ್ಲ.

ಚುಟುಕು ಉತ್ತರದಲ್ಲೂ ಎಡವುವುದಿದೆ. ‘ಎಸ್, ಐ ಹ್ಯಾವ್’ ಎಂದು ಪೂರ್ತಿ ಹೇಳಬೇಕು. ‘ಎಸ್, ಐವ್’ ಎಂದು ಮೊಟಕು ಮಾಡಿ ನಿಲ್ಲಿಸುವಂತಿಲ್ಲ. ‘ಎಸ್, ಐ ಹ್ಯಾವ್ ಎವರ್ ಸೀನ್’ ಎಂದು ಉತ್ತರಕ್ಕೆ ‘ಎವರ್’ ಎಳೆದು ತರುವುದೂ ತಪ್ಪು. ‘ಹ್ಯಾವಂಟ್’ ಮತ್ತು ‘ನೆವರ್’ ಒಟ್ಟಿಗೆ ಬರಬಾರದು, ಒಂದು ಸಾಕು.

ಗಲ್ಫಿನ ಊರಾದ ನಮ್ಮಲ್ಲಿ ಇನ್ನೊಂದು ಸಮಸ್ಯೆ. ಅಪ್ಪ ದುಬೈಯಲ್ಲೇ ಇದ್ದರೆ ‘ಹ್ಯಾಸ್ ಗಾನ್ ಟು ದುಬೈ’, ಹೋಗಿ ತಿರುಗಿ ಬಂದಿದ್ದರೆ ‘ಹ್ಯಾಸ್ ಬೀನ್ ಟು ದುಬೈ’. ಎದುರಿಗೆ ಕೂತವರನ್ನು ‘ಹ್ಯಾವ್ ಯು ಎವರ್ ಗಾನ್ ಟು’ ಎಂದು ಕೇಳುವುದು ಸರಿಬರುವುದಿಲ್ಲ. ಅವರು ಹೋಗಿ ಅಲ್ಲೇ ಉಳಿದವರಲ್ಲವಲ್ಲ, ಇಲ್ಲೇ ಇದ್ದಾರೆ. ಅಲ್ಲಿ ‘ಬೀನ್’ ಹಾಕಬೇಕು.

ಇದು ಬರೀ ಪರೀಕ್ಷೆಯ ಅಂಕದ ಮಾತಲ್ಲ. ನರ್ಸಿಂಗ್ ಮುಗಿಸಿ ಗಲ್ಫಿಗೆ ಇಂಟರ್‌ವ್ಯೂ ಕೊಡುವ ಮಕ್ಕಳಿಗೆ ‘ಹ್ಯಾವ್ ಯು ಎವರ್ ವರ್ಕ್ಡ್ ಇನ್ ಆನ್ ಐಸಿಯು?’ ಎಂದು ಕೇಳುತ್ತಾರೆ. ಹೌದಾದರೆ ‘ಎಸ್, ಐ ಹ್ಯಾವ್’ ಎಂದು ಹೇಳಿ, ಅದೇ ಉಸಿರಿಗೆ ಎಲ್ಲಿ, ಯಾವ ವರ್ಷ, ಎಷ್ಟು ತಿಂಗಳು ಎಂಬುದನ್ನು ‘ಐ ವರ್ಕ್ಡ್’ ಎಂದು ಭೂತಕಾಲದಲ್ಲಿ ಸೇರಿಸಬೇಕು. ಇಲ್ಲವಾದರೆ ಬರೀ ‘ನೋ’ ಎಂದು ನಿಲ್ಲಿಸದೆ ‘ನಾಟ್ ಯೆಟ್’ ಎಂದು, ಮಾಡಿರುವ ಬೇರೆ ವಾರ್ಡಿನ ಕೆಲಸವನ್ನು ‘ಬಟ್ ಐ ಹ್ಯಾವ್’ ಎಂದು ಮುಂದುವರಿಸಬೇಕು.