ನಲವತ್ತು ವರ್ಷದವರಿಲ್ಲದ ಶಿವಾಜಿನಗರ

ಮೇಷ್ಟ್ರು ತೀರಿಕೊಂಡ ದಿನ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಮೊದಲು ಬಂದ ಸಂದೇಶ ಅವರದೇ ಮಾತು: "ಧರ್ಮ ಕೊನೇಲಿ ಕೇಳ್ರಪ್ಪಾ." ಓಂ ಶಾಂತಿಗಳೆಲ್ಲ ಆಮೇಲೆ ಬಂದವು. ಎಂ.ಎ. ಸಮಾಜಶಾಸ್ತ್ರದಲ್ಲಿ ಓದಿದ ವೆಬರ್, ದುರ್ಖೈಮ್ ಪರೀಕ್ಷೆಯ ಮಾರನೇ ದಿನವೇ ಹಾರಿಹೋದರು. ಗಟ್ಟಿಯಾಗಿ ಉಳಿದದ್ದು ಮೇಷ್ಟ್ರು ಕಲಿಸಿದ, ಏಷ್ಯಾದ ಧರ್ಮಗಳ ಬಗೆಗಿನ ಐಚ್ಛಿಕ ಪತ್ರಿಕೆ ಮತ್ತು ಅದಕ್ಕಂಟಿದ ಫೀಲ್ಡ್‌ವರ್ಕ್.

ಆ ಫೀಲ್ಡ್‌ವರ್ಕಿನ ಪ್ರಶ್ನಾವಳಿ ನಾಲ್ಕು ಪುಟ. ಧರ್ಮದ ಕಾಲಂ ನಾಲ್ಕನೇ ಪುಟದ ಬುಡದಲ್ಲಿ. ಮೊದಲ ಪುಟದಲ್ಲಿ ಹನ್ನೆರಡು ತಿಂಗಳ ಪಟ್ಟಿ. ತಿಂಗಳು ತಿಂಗಳಿಗೆ ಮನೆಯಲ್ಲಿ ಏನೇನು ಮಾಡಿದಿರಿ ಎಂದು ಕೇಳಬೇಕು. ಹಬ್ಬದ ಹೆಸರು ನಾವಾಗಿ ಎತ್ತುವಂತಿಲ್ಲ, ಎತ್ತಿದರೆ ಮರ್ಯಾದೆಗಾದರೂ "ಹೂಂ, ಮಾಡ್ತೀವಿ" ಅಂದುಬಿಡುತ್ತಾರೆ. ಧರ್ಮವನ್ನು ಮೊದಲೇ ಕೇಳಿದರೆ ಇನ್ನೂ ಕೆಟ್ಟದ್ದು. "ನಾವು ಕ್ರೈಸ್ತರು" ಎಂದು ಒಮ್ಮೆ ಬಾಯಿಂದ ಬಂದಮೇಲೆ ರಾಹುಕಾಲ, ದೃಷ್ಟಿ ತೆಗೆಯುವುದು, ದರ್ಗಾಕ್ಕೆ ಹೊತ್ತ ಹರಕೆ ಎಲ್ಲ ಒಳಕ್ಕೆ ಸೇರಿಕೊಳ್ಳುತ್ತವೆ. ಹಿಂದೂ ಮನೆಯಲ್ಲೂ ಅಷ್ಟೇ, ಗುರುವಾರ ಬೆಂಗಳೂರಿನ ವಿವೇಕನಗರದ ಬಾಲಯೇಸುವಿಗೆ ಹಚ್ಚಿದ ಮೇಣದಬತ್ತಿ ನೆನಪಿಗೇ ಬರುವುದಿಲ್ಲ.

ಮೇಷ್ಟ್ರು ಇದಕ್ಕೆ ಕೊಡುತ್ತಿದ್ದ ಉದಾಹರಣೆ ಜಪಾನಿನದು. ಅಲ್ಲಿ ನಾಡಿನ ಮೂಲಧರ್ಮ ಶಿಂಟೋದ ಗುಡಿಗಳೂ ಬೌದ್ಧ ದೇಗುಲಗಳೂ ತಂತಮ್ಮ ಅನುಯಾಯಿಗಳ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸುತ್ತವೆ. ಎಲ್ಲ ಕೂಡಿಸಿದರೆ ದೇಶದ ಜನಸಂಖ್ಯೆಯನ್ನೇ ಮೀರುತ್ತದೆ. ಒಂದೇ ಮನೆಯವರು ಹುಟ್ಟಿದ ಮಗುವನ್ನು ಶಿಂಟೋ ಗುಡಿಗೆ ಕರೆದೊಯ್ದು, ಸತ್ತವರಿಗೆ ಬೌದ್ಧ ಕ್ರಿಯೆ ಮಾಡಿಸುತ್ತಾರೆ. ಕ್ರೈಸ್ತರು ನೂರಕ್ಕೆ ಒಬ್ಬರ ಆಸುಪಾಸು, ಆದರೂ ಚರ್ಚಿನ ಶೈಲಿಯ ಮದುವೆಗೆ ಬೇಡಿಕೆ. "ಇವರನ್ನ ಯಾವ ಡಬ್ಬಿಗೆ ಹಾಕ್ತೀರಯ್ಯಾ?" ಎಂದು ಕೇಳಿ ಸುಣ್ಣದಕಡ್ಡಿ ಕೆಳಗಿಟ್ಟುಬಿಡುತ್ತಿದ್ದರು.

ಅವರು ಮಂಗಳೂರಿನ ಕಡೆಯವರು. ಸೆಪ್ಟೆಂಬರ್ 8ರ ಮೋಂತಿ ಫೆಸ್ತ್ ಎಂಬ ಕೊಂಕಣಿ ಕ್ಯಾಥೊಲಿಕರ ತೆನೆಹಬ್ಬದ ವಿಷಯ ಬಂದರೆ ಗಂಟೆ ಹೊಡೆದರೂ ನಿಲ್ಲಿಸುತ್ತಿರಲಿಲ್ಲ. ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಒಯ್ಯುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹೊಸ ಭತ್ತದ ತೆನೆಗೆ ಆಶೀರ್ವಾದವಾಗಿ ಮನೆಮನೆಗೆ ಹಂಚಿಕೆಯಾಗುತ್ತದೆ. ಮನೆಯಲ್ಲಿ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಒಟ್ಟಿಗೆ ಉಣ್ಣುವುದು. ಅವತ್ತು ಮೀನು ಮಾಂಸ ಇಲ್ಲ. ಬಾಳೆಎಲೆ ಊಟ, ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು. ದುಬೈ, ಮಸ್ಕತ್ತಿನಲ್ಲಿದ್ದವರಿಗೆ ನಾಲ್ಕು ಕಾಳು ಅಂಚೆಯಲ್ಲಿ ಹೋಗುತ್ತದೆ. ಇದು ಕ್ರೈಸ್ತರ ಹಬ್ಬವೋ ಕೃಷಿಕರ ಹಬ್ಬವೋ ಎಂದು ನಾವು ಕೇಳಿದರೆ ರೇಗುತ್ತಿದ್ದರು. ತೆನೆ ಕೊಯ್ದು ತಂದವರಾರು, ಇಗರ್ಜಿಯಲ್ಲಿ ಮೊದಲು ಹಿಡಿದವರಾರು, ಕಬ್ಬು ಹಂಚಿದ ಮನೆ ಯಾವುದು, ಇದನ್ನು ಬರೆದುಕೊಂಡು ಬನ್ನಿ ಅನ್ನುತ್ತಿದ್ದರು. ಬಾಮಣ, ಚಾರಡಿ, ಶೂದಿರ್ ಎಂಬ ಕೊಂಕಣಿ ಕ್ಯಾಥೊಲಿಕರ ಜಾತಿಗಳು ಸದ್ದಿಲ್ಲದೆ ಮೇಲೆ ಬರುವುದು ಅಂಥ ಉತ್ತರಗಳಲ್ಲೇ. "ನಿಮ್ಮಲ್ಲಿ ಜಾತಿ ಇದೆಯಾ?" ಎಂದು ನೇರ ಕೇಳಿದರೆ ನೂರಕ್ಕೆ ನೂರು ಮನೆ "ಇಲ್ಲ" ಅನ್ನುತ್ತದೆ.

ನಾಲ್ಕನೇ ಪುಟದ ಆ ಧರ್ಮದ ಕಾಲಂ ಕೂಡ ಒಂದಲ್ಲ, ಮೂರು: ದಾಖಲೆಯಲ್ಲಿ ಏನಿದೆ, ಬಾಯಲ್ಲಿ ಏನನ್ನುತ್ತಾರೆ, ಏನು ಆಚರಿಸುತ್ತಾರೆ. ಈ ಮೂರು ಬೇರೆಬೇರೆ ಆಗುವುದಕ್ಕೆ ದೊಡ್ಡ ಕಾರಣ ಪರಿಶಿಷ್ಟ ಜಾತಿಗಳ 1950ರ ಆದೇಶ. ಮೊದಲಿಗೆ ಹಿಂದೂಗಳಿಗಷ್ಟೇ ಇದ್ದ ಆ ಸ್ಥಾನಮಾನ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಸಿಕ್ಕಿತು, ದಲಿತ ಕ್ರೈಸ್ತರಿಗೆ ಸಿಗಲಿಲ್ಲ. ಹೀಗಾಗಿ ಭಾನುವಾರ ಚರ್ಚಿನ ಪೂಜೆಗೆ ಹೋಗುವ ಮನೆಯ ಸರ್ಟಿಫಿಕೇಟಿನಲ್ಲಿ 'ಹಿಂದೂ' ಇರಬಹುದು. 2011ರ ಜನಗಣತಿಯಲ್ಲಿ ದೇಶದ ಕ್ರೈಸ್ತರು ಶೇ. 2.3 ಎಂದು ಓದುವಾಗ ಇದು ತಲೆಯಲ್ಲಿರಬೇಕು. ಅಕ್ಕಪಕ್ಕದವರು ಕೂತಿದ್ದರೆ ದಾಖಲೆಯ ಪ್ರಶ್ನೆ ಕೇಳಕೂಡದು, ಮೊದಲು ನೀರು ಕೇಳಿ, ಅವರು ಎದ್ದುಹೋಗುವ ತನಕ ಕಾಯಿರಿ ಎಂಬುದು ಮೇಷ್ಟ್ರ ಕಟ್ಟಪ್ಪಣೆ. ಪ್ರಶ್ನಾವಳಿಯಲ್ಲಿ ಹೆಸರಿಗೆ ಜಾಗವೇ ಇರಲಿಲ್ಲ. ಬರೀ ನಂಬರು. ನಂಬರು ಯಾರದೆಂಬ ಚೀಟಿ ಅವರ ಮನೆಯ ಬೀರುವಿನಲ್ಲಿರುತ್ತಿತ್ತು, ಪ್ರಬಂಧ ಮುಗಿದ ದಿನ ಒಲೆಗೆ ಹೋಗುತ್ತಿತ್ತು.

ಬರೆದ ಟಿಪ್ಪಣಿಗೆ ಮಾತ್ರ ಕಾರ್ಬನ್ ಪ್ರತಿ ಕಡ್ಡಾಯ. ಎರಡು ಪ್ರತಿಯೂ ಒಂದೇ ಕೋಣೆಯಲ್ಲಿರಬಾರದು. ಕಾರಣ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಬೆಂಕಿಯಿಟ್ಟಾಗ, ಹದಿನೆಂಟು ವರ್ಷ ತಿದ್ದಿ ಸಿದ್ಧಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಅವರ ಒಂದೇ ಕೋಣೆಯಲ್ಲಿದ್ದವು.

ಎಣಿಕೆಯ ಪಾಠ ನಡೆದದ್ದು ವಿವೇಕನಗರದ ಚರ್ಚಿನ ಬಾಗಿಲಲ್ಲಿ. ಹತ್ತು ಜನ ಒಳಹೋದರೆ ಎಡಜೇಬಿನ ಒಂದು ಹುಣಸೆಬೀಜ ಬಲಜೇಬಿಗೆ. ಕಾಲುಗಂಟೆಗೊಮ್ಮೆ ಬೀಜ ಎಣಿಸಿ ಬರೆದು ಮತ್ತೆ ಮೊದಲಿಂದ. ಮೇಣದಬತ್ತಿ ತರಲು ಹೊರಬಂದವರು ಮತ್ತೆ ಒಳಹೋಗುತ್ತಾರೆ, ಅದಕ್ಕೇ ಹೊರಬರುವವರನ್ನು ಎಣಿಸಲು ಇನ್ನೊಬ್ಬರು. ಒಬ್ಬ ಮಹಾಶಯ ಹಣೆಯ ಕುಂಕುಮ ನೋಡಿ ಹಿಂದೂ, ಬೋಳುಹಣೆ ನೋಡಿ ಕ್ರೈಸ್ತ ಎಂದು ವಿಂಗಡಿಸಿಕೊಂಡು ಬಂದ. ನಮ್ಮ ಕಡೆ ಕುಂಕುಮವಿಡುವ ಕ್ರೈಸ್ತ ಹೆಂಗಸರು ಬೇಕಾದಷ್ಟು. ಶಿವಾಜಿನಗರದ ಸಂತ ಮೇರಿ ಬಸಿಲಿಕದಲ್ಲಿ ಮಾತೆಗೇ ಸೀರೆ ಉಡಿಸುತ್ತಾರೆ! ಆ ಹಾಳೆ ಅಲ್ಲೇ ಹರಿದುಹೋಯಿತು.

ಇನ್ನು ಕ್ಯಾಂಟೀನ್ ಪ್ರಕರಣ. ಮಳೆ ಹಿಡಿದ ಒಂದು ಶನಿವಾರ ನಮ್ಮ ಬ್ಯಾಚಿನ ನಾಲ್ವರು ಮನೆ ಹತ್ತುವುದು ಬಿಟ್ಟು, ಶಿವಾಜಿನಗರದ ಕ್ಯಾಂಟೀನೊಂದರಲ್ಲಿ ಚಹಾ ಕುಡಿಯುತ್ತ ಇಪ್ಪತ್ತು ಪ್ರಶ್ನಾವಳಿ ತುಂಬಿದರು. ಹಿಡಿದದ್ದು ಮೇಷ್ಟ್ರಲ್ಲ, ಸ್ಟ್ಯಾಟಿಸ್ಟಿಕ್ಸ್ ಮೇಡಂ. ಗ್ರಾಫ್ ಹಾಳೆಯ ಮೇಲೆ ವಯಸ್ಸುಗಳಿಗೆ ಚುಕ್ಕೆಯಿಟ್ಟು, ಕನ್ನಡಕದ ಮೇಲಿಂದ ನೋಡಿ ಕೇಳಿದರು: "ನಲವತ್ತು ವರ್ಷದವರು ಒಬ್ಬರೂ ಇಲ್ವಲ್ಲಪ್ಪಾ ಶಿವಾಜಿನಗರದಲ್ಲಿ?" ನಿಜವಾದ ಜನ ವಯಸ್ಸು ಹೇಳುವಾಗ ನಲವತ್ತು, ನಲವತ್ತೈದು, ಐವತ್ತು ಎಂದು ಅಂದಾಜು ಹೇಳುತ್ತಾರೆ, ಸೊನ್ನೆ ಮತ್ತು ಐದರ ಮೇಲೆ ಚುಕ್ಕೆಗಳ ಗುಡ್ಡೆ ಬೀಳುತ್ತದೆ. ಕಟ್ಟುಕತೆ ಬರೆಯುವವನು ನಂಬಿಕೆ ಬರಲೆಂದು 37, 41, 46 ಹಾಕುತ್ತಾನೆ. ಇಪ್ಪತ್ತರಲ್ಲಿ ಒಂದು ಕಡೆಯೂ "ಗೊತ್ತಿಲ್ಲ" ಇರಲಿಲ್ಲ. ಸಾಲದ್ದಕ್ಕೆ ಉತ್ಸಾಹ ಹೆಚ್ಚಾಗಿ ಅಂಚಿನಲ್ಲಿ ಹೆಸರನ್ನೂ ಬರೆದಿದ್ದರು. ಮೇಷ್ಟ್ರು ಬೈಯಲಿಲ್ಲ. ಕೆಂಪು ದಾರ ಕಟ್ಟಿ, ಮೇಲೆ 'ಕ್ಯಾಂಟೀನ್' ಎಂದು ಬರೆದು, ಮುಂದಿನ ಬ್ಯಾಚುಗಳಿಗೆಲ್ಲ ಅದರಲ್ಲೇ ಪಾಠ ಮಾಡಿದರು. ನಾಲ್ವರಲ್ಲಿ ಇಬ್ಬರು ಈಗ ಪ್ರೊಫೆಸರರು. ನಮ್ಮ ಬ್ಯಾಚಿನಷ್ಟು ಉಪಯೋಗಕ್ಕೆ ಬಂದ ಬ್ಯಾಚು ವಿಭಾಗದಲ್ಲಿ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಈಗಿನ ಮಕ್ಕಳ ಗೂಗಲ್ ಫಾರ್ಮಿನಲ್ಲಿ ಎರಡನೇ ಪ್ರಶ್ನೆಯೇ ಧರ್ಮ, ಒಂದನ್ನಷ್ಟೇ ಒತ್ತಬಹುದು. ಸಂಜೆಯೊಳಗೆ ಮುನ್ನೂರು ಉತ್ತರ, ರಾತ್ರಿಗೆ ಬಣ್ಣಬಣ್ಣದ ಚಕ್ರ. ಅವರನ್ನಷ್ಟೇ ಏಕೆ ಅನ್ನಬೇಕು? ಕೊರಿಯಾದ ಗಣತಿಯಲ್ಲಿ ಬೌದ್ಧರು 2005ರಲ್ಲಿ ಶೇ. 22.8 ಇದ್ದವರು 2015ಕ್ಕೆ ಶೇ. 15.5ಕ್ಕೆ ಇಳಿದರು. ನಡುವೆ ಗಣತಿಯ ವಿಧಾನವೂ ಬದಲಾಗಿ, ಎಲ್ಲ ಮನೆಗಳ ಬದಲು ಐದರಲ್ಲೊಂದು ಭಾಗವನ್ನು ಕೇಳಿದ್ದರು, ಅನೇಕರು ಇಂಟರ್ನೆಟ್ಟಿನಲ್ಲಿ ತುಂಬಿದ್ದರು. ಜನ ಬದಲಾದದ್ದೆಷ್ಟು, ಕೇಳುವ ರೀತಿ ಬದಲಾದದ್ದೆಷ್ಟು ಎಂದು ವಿದ್ವಾಂಸರು ಜಗಳವಾಡಿದರು. ಮೇಷ್ಟ್ರಿಗೆ ಆ ಜಗಳ ಹಬ್ಬದೂಟವಾಗುತ್ತಿತ್ತು.

ಸಂತಾಪ ಸಭೆಯಾದ ಮೇಲೆ ವಿಭಾಗದ ಹಳೇ ಅಲ್ಮೇರಾ ತೆಗೆಸಿದೆವು. ನಿಜವಾದ ಪ್ರಶ್ನಾವಳಿಗಳ ಕಟ್ಟುಗಳಲ್ಲಿ ನಂಬರು ಬಿಟ್ಟರೆ ಏನಿಲ್ಲ, ಚೀಟಿಗಳು ಎಂದೋ ಬೂದಿಯಾಗಿವೆ. ಕೆಂಪು ದಾರದ ಕಟ್ಟು ಕೆಳಗಿನ ಖಾನೆಯಲ್ಲಿತ್ತು. ಹೆಸರು, ವಯಸ್ಸು, ಕಸುಬಿನ ಸಮೇತ ಅಲ್ಲಿ ಉಳಿದುಕೊಂಡಿರುವವರು ಹುಟ್ಟೇ ಇರದ ಆ ಇಪ್ಪತ್ತು ಮಂದಿ.