ಬೆರಕೆ ಸೊಪ್ಪಿನ ಪುಸ್ತಕ: ಬರೆಯೋರೂ ಸಿಕ್ಕಿದ್ರು, ತಿದ್ದೋರೂ ಸಿಕ್ಕಿದ್ರು

ಬೆರಕೆ ಸೊಪ್ಪು, ಅಂದ್ರೆ ಹೊಲದಲ್ಲಿ ತಾನಾಗೇ ಬೆಳೆಯೋ ಥರಾವರಿ ಸೊಪ್ಪುಗಳ ಬಗ್ಗೆ ನಾನು ಮಾಡಿಸ್ತಿರೋ ಪುಸ್ತಕದ ಅಪ್‌ಡೇಟ್. ತುಮಕೂರು, ಕೋಲಾರದ ಕಡೆ ರಾಗಿ ಹೊಲದಲ್ಲಿ ಸೊಪ್ಪು ಕೀಳೋ ಅಜ್ಜಿಯರ ಮಾತು ರೆಕಾರ್ಡ್ ಮಾಡ್ಕೊಂಡಿದ್ದು ಮೊಬೈಲ್ ತುಂಬಾ ಇದೆಯಲ್ಲ, ಅದನ್ನ ನಾನು ಕೂತು ಬರೆದ್ರೆ ಆಫೀಸ್ ರಿಪೋರ್ಟ್ ಥರ ಆಗುತ್ತೆ ಅಂತ ಮೊದಲಿಂದ್ಲೂ ಗೊತ್ತಿತ್ತು, ಅದಕ್ಕೇ ಫ್ರೀಲಾನ್ಸ್ ಮಾಡೋರಲ್ಲಿ ಬರೆಯೋಕೆ ಒಬ್ರನ್ನ, ಎಡಿಟಿಂಗ್‌ಗೆ ಇನ್ನೊಬ್ರನ್ನ ಹುಡುಕ್ತಿದ್ದೆ. ಎರಡೂ ಒಬ್ರೇ ಮಾಡ್ಕೊಡ್ತೀವಿ ಅಂದೋರೂ ಇದ್ರು, ಬೇಡ ಅಂದೆ.

ಹಳೇ ಬರಹ ಕಳ್ಸಿ ಅಂದ್ರೆ ಎಲ್ರದ್ದೂ ಚೆನ್ನಾಗೇ ಇರುತ್ತೆ, ಅದನ್ನ ಆಗ್ಲೇ ಇನ್ಯಾರೋ ತಿದ್ದಿರ್ತಾರೆ. ಹಾಗಾಗಿ ಎಲ್ರಿಗೂ ಒಂದೇ ಆಡಿಯೋ ಕೊಟ್ಟೆ, ಅಜ್ಜಿಯೊಬ್ರು ಉಪ್ಸಾರಿನ ಬಗ್ಗೆ ಮಾತಾಡಿರೋದು, ಇದ್ರಿಂದ 500 ಪದ ಬರೀರಿ ಅಂತ. ಅದಕ್ಕೂ ದುಡ್ಡು ಕೊಟ್ಟೆ, ಬಿಟ್ಟಿ ಸ್ಯಾಂಪಲ್ ಕೇಳೋದು ನಂಗೆ ಸರಿ ಕಾಣಲ್ಲ. ಒಬ್ರು ‘ಪ್ರಕೃತಿ ಮಾತೆಯ ಮಡಿಲಲ್ಲಿ’ ಅಂತ ಶುರು ಮಾಡಿದ್ರು, ಮುಂದೆ ಓದೋಕಾಗ್ಲಿಲ್ಲ. ಕೊನೆಗೆ ಒಪ್ಕೊಂಡಿದ್ದು ಯಾರನ್ನ ಅಂದ್ರೆ, ಅಜ್ಜಿ ‘ವಸಿ ಉಪ್ಪು’ ಅಂದಿದ್ದನ್ನ ಹಾಗೇ ಬಿಟ್ಟು, ಕೆಳಗೆ "ಹುರುಳಿಕಾಳು ಎಷ್ಟು ಅಂತ ಅಜ್ಜಿ ಹೇಳೇ ಇಲ್ಲ, ಕೇಳಿ ಹೇಳ್ತೀರಾ ಸರ್?" ಅಂತ ಬರೆದಿದ್ದ ಹುಡುಗನ್ನ.

ಎಡಿಟರ್ ಸಿಗೋದು ಇನ್ನೂ ಕಷ್ಟ ಆಯ್ತು. ನೋಡೋಕೆ ಕೊಟ್ಟ ಪುಟಗಳಲ್ಲಿ ಬಹಳ ಜನ ಅಲ್ಪಪ್ರಾಣ ಮಹಾಪ್ರಾಣ ಸರಿ ಮಾಡಿ ವಾಪಸ್ ಕಳಿಸಿದ್ರು, ಅದು ಪ್ರೂಫ್ ನೋಡೋ ಕೆಲಸ, ಅದೂ ಬೇಕು, ಆದ್ರೆ ಕೊನೇಲಿ. ಒಬ್ರು ಮೇಡಂ ಮಾತ್ರ ಪಕ್ಕದಲ್ಲಿ ಕಾಮೆಂಟ್ ಹಾಕಿದ್ರು: "ಕೆರೆ ದಂಡೆಯ ಹೊನಗೊನ್ನೆ ಅಂದಿದ್ದೀರಿ, ಫೋಟೋದಲ್ಲಿ ಹೂವಿಗೆ ಉದ್ದ ತೊಟ್ಟಿದೆಯಲ್ಲ?" ಗೆಳೆಯ ಕಳ್ಸಿದ್ದ ಫೋಟೋ ಅದು. ನಿಜವಾದ ಹೊನಗೊನ್ನೆಗೆ ಬಿಳಿ ಹೂವು ಎಲೆ ಬುಡಕ್ಕೇ ಅಂಟ್ಕೊಂಡಿರುತ್ತೆ, ತೊಟ್ಟಿನ ಮೇಲೆ ನಿಂತಿರೋದು ಅಲಿಗೇಟರ್ ವೀಡ್, ದಕ್ಷಿಣ ಅಮೆರಿಕದಿಂದ ಬಂದಿರೋ ಕಳೆ, ಕೊಳಚೆ ನೀರು ಸೇರೋ ಕೆರೆಗಳಲ್ಲಿ ದಂಡಿಯಾಗಿ ಬೆಳೆಯುತ್ತೆ, ನೀರಲ್ಲಿರೋ ಲೋಹಗಳನ್ನೂ ಹೀರ್ಕೊಳ್ಳುತ್ತೆ. ಗಣಿಕೆ ಸೊಪ್ಪಿನ ಪುಟದಲ್ಲೂ ಹಸಿರು ಕಾಯಿ ವಿಷ ಅನ್ನೋದನ್ನ ದಪ್ಪ ಅಕ್ಷರದಲ್ಲಿ ಹಾಕಿ ಅಂದ್ರು. ಇಂಥ ಪುಸ್ತಕದಲ್ಲಿ ಕಾಗುಣಿತ ತಪ್ಪಿದ್ರೆ ಜನ ನಗ್ತಾರೆ, ಫೋಟೋ ತಪ್ಪಿದ್ರೆ ತಿಂತಾರೆ. ಅವತ್ತೇ ಅವರಿಗೆ ಫೋನ್ ಮಾಡಿ ಓಕೆ ಅಂದೆ.

ರೇಟು ಬರಹಕ್ಕೆ ಪದದ ಲೆಕ್ಕ, ಎಡಿಟಿಂಗ್‌ಗೆ ಪುಟದ ಲೆಕ್ಕ, 250 ಪದ ಅಂದ್ರೆ ಒಂದು ಪುಟ, ಅದೂ ತಿದ್ದೋಕೆ ಮುಂಚಿನ ಪುಟ. "ಇಲ್ಲಾಂದ್ರೆ ನಾನು ಕಿತ್ತು ಹಾಕಿದ್ದಕ್ಕೆಲ್ಲ ದುಡ್ಡು ಕಳ್ಕೋಬೇಕಾ?" ಅಂತ ಮೇಡಂ ನಕ್ಕರು, ನ್ಯಾಯವಾದ ಮಾತೇ.

ಅಗ್ರಿಮೆಂಟ್ ವಿಷಯ, ನಿಮ್ಮಲ್ಲಿ ಯಾರಾದ್ರೂ ಇಂಥದ್ದು ಮಾಡೋರಿದ್ರೆ ನೋಡ್ಕೊಳ್ಳಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫ್ರೀಲಾನ್ಸ್ ಬರೆದೋರಿಗೆ ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ನಮ್ಮದಾಗಲ್ಲ, ಸಂಬಳಕ್ಕಿರೋ ನೌಕರನ ಲೆಕ್ಕ ಬೇರೆ. ಬರೆದೋರು ಹಕ್ಕನ್ನ ಬರವಣಿಗೇಲಿ ಸೈನ್ ಮಾಡಿ ಬಿಟ್ಟುಕೊಡ್ಬೇಕು, ಅದ್ರಲ್ಲೂ ಎಷ್ಟು ವರ್ಷ ಅಂತ ಬರೀದೇ ಇದ್ರೆ 5 ವರ್ಷ ಅಂತ್ಲೇ ಲೆಕ್ಕ, ಯಾವ ದೇಶಕ್ಕೆ ಅಂತ ಇಲ್ದಿದ್ರೆ ಭಾರತಕ್ಕೆ ಮಾತ್ರ. ನಾವು ಎರಡನ್ನೂ ಬರೆದು, ಹುಡುಗನ ಹೆಸರು ಕವರ್ ಮೇಲೆ ಬರಬೇಕು ಅಂತಾನೂ ಸೇರಿಸಿದ್ವಿ.

ಈಗಿನ ತಲೆನೋವು ಫೈಲು. ಹುಡುಗ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡ್ತಾನೆ, ಮೇಡಂಗೆ ಗೂಗಲ್ ಡಾಕ್ಸ್ ಬೇಕು, ಅಲ್ಲಿ ಪೇಸ್ಟ್ ಮಾಡಿದ್ರೆ ಬರೀ ಇಂಗ್ಲಿಷ್ ಅಕ್ಷರದ ಕಸ. ಎಲ್ಲಾ ಕಡೆ ಕನ್ನಡವಾಗೇ ಕಾಣೋ ಯೂನಿಕೋಡ್‌ಗೆ ಕನ್ವರ್ಟ್ ಮಾಡಿ ಅರ್ಕಾವತ್ತು, ಒತ್ತಕ್ಷರ ಎಲ್ಲಾದ್ರೂ ಹಾರಿದ್ಯಾ ಅಂತ ನೋಡೋದು ಸದ್ಯಕ್ಕೆ ನನ್ನ ರಾತ್ರಿ ಪಾಳಿ. ಅಣ್ಣೆಸೊಪ್ಪಿನ ಅಧ್ಯಾಯ ಮೇಡಂ ಹತ್ರ ಇದೆ, ಹುರುಳಿಕಾಳಿನ ಅಳತೆ ಕೇಳೋಕೆ ಭಾನುವಾರ ಹುಡುಗನ್ನೂ ಕರ್ಕೊಂಡು ಅಜ್ಜಿ ಹತ್ರ ಹೋಗ್ತಿದ್ದೀನಿ.