ಹತ್ತೂವರೆಗೆ ಬನ್ಸ್, ಒಂದಕ್ಕೆ ಬಂಗುಡೆ

ಮಂಗಳೂರಿನಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆ ಅಂದರೆ ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಮೂಡೆ, ನೀರ್ ದೋಸೆ, ಸಜ್ಜಿಗೆ-ಬಜಿಲ್ (ಉಪ್ಪಿಟ್ಟು-ಅವಲಕ್ಕಿ), ಈ ಬೆಳಗಿನ ತಿಂಡಿಯೆಲ್ಲ ಆ ಹೊತ್ತಿಗೆ ಮುಗಿಯುತ್ತಾ ಬಂದಿರುತ್ತದೆ. ಮೀನೂಟದ ಹೋಟೆಲ್‌ಗಳಲ್ಲಿ ಸಾರು ಇನ್ನೂ ಒಲೆಯ ಮೇಲೇ ಇರುತ್ತದೆ. ಸರಿಯಾಗಿ ಆ ಹೊತ್ತಿಗೇ ಹಸಿದುಕೊಂಡು ರಸ್ತೆಗೆ ಬೀಳುವವರು ಯಾರು ಅಂದರೆ ನಾವು, ಹಾಸ್ಟೆಲ್ ಮಕ್ಕಳ ತಂದೆ ತಾಯಿ.

ಹುಬ್ಬಳ್ಳಿ-ಧಾರವಾಡದಲ್ಲಿ ಮಕ್ಕಳನ್ನು ಮಂಗಳೂರಿನ ಕಾಲೇಜಿಗೆ ಹಾಕಿದ ಮನೆಗಳು ಬೇಕಾದಷ್ಟಿವೆ. ನಮ್ಮದೂ ಒಂದು. ಮಗಳ ಹಾಸ್ಟೆಲ್‌ನಲ್ಲಿ ರಜೆಯ ದಿನ ಹತ್ತು ಗಂಟೆಗೆ ಮುಂಚೆ ಗೇಟು ತೆಗೆಯುವುದಿಲ್ಲ, ಸಂಜೆ ಐದರೊಳಗೆ ಒಳಗಿರಬೇಕು. ನಾವು ಎರಡನೇ ಶನಿವಾರ ನೋಡಿಕೊಂಡು ಶುಕ್ರವಾರ ರಾತ್ರಿ ಬಸ್ ಹತ್ತುತ್ತೇವೆ, ಬೆಳಿಗ್ಗೆ ಬಿಜೈ ಬಸ್ ಸ್ಟ್ಯಾಂಡ್‌ನಲ್ಲಿ ಇಳಿದು ಲಾಡ್ಜ್‌ನಲ್ಲಿ ಸ್ನಾನ ಮಾಡಿ ಕೂತಿರುತ್ತೇವೆ. ಅಷ್ಟರಲ್ಲಿ ಫೋನು. "ಪಪ್ಪಾ, ಏನೂ ತಿನ್ನಬ್ಯಾಡ್ರಿ. ನಾನೂ ಮೆಸ್ಸಿನ್ಯಾಗ ತಿಂದಿಲ್ಲ. ಎಲ್ಲಾರೂ ಕೂಡೇ ಬ್ರಂಚ್ ಮಾಡೋಣು."

ಈ ಸಲ ಅವ್ವನೂ ಬಂದಿದ್ದಳು. ಮೊಮ್ಮಗಳಿಗೆ ಅಂತ ಖಡಕ್ ರೊಟ್ಟಿಯ ಒಂದು ಡಬ್ಬಿ, ಶೇಂಗಾ ಚಟ್ನಿ ಪುಡಿ, ಲೈನ್ ಬಜಾರಿನ ಪೇಢಾ ಎಲ್ಲ ಕಟ್ಟಿಕೊಂಡು. ಹತ್ತು ಗಂಟೆಯವರೆಗೆ ಏನೂ ತಿನ್ನುವ ಹಾಗಿಲ್ಲ ಅಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹಂಗಾರ ಶುಗರ್ ಗುಳಿಗಿ ಯಾವಾಗ ತಗೋಬೇಕು?" ಉತ್ತರ ಯಾರ ಹತ್ತಿರವೂ ಇರಲಿಲ್ಲ. ಅವಳೇ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ಮುರಿದು ತಿಂದು ಗುಳಿಗೆ ನುಂಗಿದಳು.

ಹಿಂದೊಂದು ಸಲ ಮಗಳ ಗೆಳತಿಯರು ಹೇಳಿದರು ಅಂತ ಒಂದು ಹೊಸ ಕೆಫೆಗೆ ಹೋಗಿದ್ದೆವು. ಹೆಸರು ಬೇಡ. ಹೂವಿನ ಕುಂಡ, ಮರದ ಮೇಜು, ಇಂಗ್ಲಿಷ್ ಹಾಡು. ಮುಕ್ಕಾಲು ಗಂಟೆ ಕಾದ ಮೇಲೆ ಅವ್ವನ ಮುಂದೆ ಬಂದದ್ದು ಒಂದು ತುಂಡು ಬ್ರೆಡ್ಡು, ಅದರ ಮೇಲೆ ಮೆತ್ತಿದ ಹಸಿರು ಹಣ್ಣಿನ ಮುದ್ದೆ. "ಇದನ್ನ ದವಾಖಾನ್ಯಾಗ ಕೊಡ್ತಾರ" ಅಂದಳು. ಅಂಥ ಕೆಫೆ ಈಗ ನಮ್ಮ ವಿದ್ಯಾನಗರದಲ್ಲೂ ಇವೆ, ಅದಕ್ಕೆ ಘಟ್ಟ ಇಳಿದು ಹೋಗುವುದು ಯಾಕೆ? ದೊಡ್ಡ ಹೋಟೆಲ್‌ಗಳ ಭಾನುವಾರದ ಬಫೆ ಬಗ್ಗೆಯೂ ನನ್ನ ಅಭಿಪ್ರಾಯ ಹೆಚ್ಚುಕಡಿಮೆ ಇದೇ. ಪೂರ್ತಿ ಪ್ಲೇಟಿನ ರೊಕ್ಕ ಕೊಟ್ಟು ಅವ್ವ ಎರಡು ಸೌಟು ಮೊಸರನ್ನ ತಿಂದರೆ ನನಗೆ ನಿದ್ದೆ ಬರುವುದಿಲ್ಲ.

ಹಾಗಾಗಿ ಈ ಸಲ ಮಗಳೇ ಪ್ಲಾನು ಮಾಡಿದ್ದಳು. ಒಂದೇ ಕಡೆ ಕೂತು ಮುಗಿಸುವುದು ಬೇಡ, ಎರಡು ಕಂತಿನಲ್ಲಿ ತಿನ್ನೋಣ ಅಂತ. ಮೊದಲ ಕಂತು ಎಲ್ಲರೂ ಸೇರಿ ಸಸ್ಯಾಹಾರಿ, ಹೊಟ್ಟೆ ಅರ್ಧ ಮಾತ್ರ. ಎರಡನೆಯದು ಮೀನು, ಅದು ನಾನು ಮತ್ತು ಅವಳು. ನಮ್ಮ ಮನೆಯಲ್ಲಿ ಮೀನು ತಿನ್ನುವುದು ನಾವಿಬ್ಬರೇ, ಅದೂ ಹೊರಗೆ ಮಾತ್ರ. ಅವ್ವನಿಗೆ ಗೊತ್ತು. "ನೀವು ತಿನ್ನೂದ ತಿನ್ರಿ, ನನ್ನ ಮುಂದ ಬ್ಯಾಡ" ಅನ್ನುವುದು ಅವಳ ಕಾನೂನು.

ಮೊದಲ ಕಂತಿಗೆ ಕೊಡಿಯಾಲಬೈಲಿನ ನ್ಯೂ ತಾಜ್ ಮಹಲ್ ಕೆಫೆ. ಹಳೇ ಕಾಲದ ಹೋಟೆಲ್ಲು. ಕೂತು ಐದು ನಿಮಿಷಕ್ಕೆ ಬನ್ಸ್ ಬಂತು. ನಮ್ಮ ಕಡೆಯವರು ಬನ್ಸ್ ಅಂದ ಕೂಡಲೇ ಬೇಕರಿಯ ಬನ್ನು ಅಂದುಕೊಳ್ಳುತ್ತಾರೆ. ಅದಲ್ಲ ಇದು. ಚೆನ್ನಾಗಿ ಕಳಿತ ಬಾಳೆಹಣ್ಣು ಹಿಸುಕಿ, ಮೈದಾ, ಮೊಸರು, ಸಕ್ಕರೆ, ಜೀರಿಗೆ ಹಾಕಿ ನಾದಿ, ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ದಪ್ಪ ಪೂರಿಯಂತೆ ಲಟ್ಟಿಸಿ ಕರಿಯುತ್ತಾರೆ. ಹೊರಗೆ ಕಂದು, ಒಳಗೆ ಮೆತ್ತಗೆ, ನಾಲಿಗೆಗೆ ಸಿಹಿ, ನಡುವೆ ಎಲ್ಲೋ ಒಂದು ಜೀರಿಗೆ ಸಿಗುತ್ತದೆ. ಅದನ್ನು ಖಾರದ ಕಾಯಿ ಚಟ್ನಿಯಲ್ಲಿ ಅದ್ದಿ ತಿನ್ನಬೇಕು. ಅವ್ವ ಮೊದಲನೇ ತುತ್ತಿಗೆ ಮುಖ ಕಿವುಚಿದಳು, "ಸಿಹಿಗೆ ಯಾರರ ಚಟ್ನಿ ಹಚ್ಚಿ ತಿಂತಾರೇನು?" ಎರಡನೇ ತುತ್ತಿಗೆ ಸುಮ್ಮನಾದಳು. ಮೂರನೇದಕ್ಕೆ ಇನ್ನಷ್ಟು ಚಟ್ನಿ ಕೇಳಿದಳು.

ಆಮೇಲೆ ಗೋಳಿಬಜೆ. ಮೈದಾ, ಮೊಸರು, ಶುಂಠಿ, ಹಸಿಮೆಣಸು, ತೆಂಗಿನ ಚೂರು, ಇಷ್ಟೇ. ನಮ್ಮ ಮಿರ್ಚಿ ಭಜಿ ತಿಂದು ಬೆಳೆದವರಿಗೆ ಇದು ತೀರಾ ಸಪ್ಪೆ ಅನ್ನಿಸುವ ಅಪಾಯ ಉಂಟು. ಆದರೆ ಮಿರ್ಚಿ, ಗಿರ್ಮಿಟ್ಟು ಸಂಜೆಯ ಹೊತ್ತಿನವು, ನಾಲ್ಕು ಮಂದಿಯ ಹರಟೆಗೆ ಹುಟ್ಟಿದವು. ಗೋಳಿಬಜೆ ಹಾಗಲ್ಲ, ಬೆಳಿಗ್ಗೆ ಕಾಫಿಯ ಪಕ್ಕದಲ್ಲೂ ಅದು ಸರಿಯಾಗಿ ಕೂಡುತ್ತದೆ. ಸಪ್ಲೈಯರ್ ಬಂದು "ಇನ್ನು ಎಂಥ ಬೇಕು?" ಅಂದಾಗ ನನ್ನ ಹೆಂಡತಿ ಮೂಡೆ ಉಂಟಾ ಅಂತ ಅವರ ಧಾಟಿಯಲ್ಲೇ ಕೇಳಿದಳು. ಸಿಗಲಿಲ್ಲ. ಕೇದಗೆಯ ಜಾತಿಯ ಮುಳ್ಳಿನ ಎಲೆಯನ್ನು ಕೊಳವೆಯಂತೆ ಸುತ್ತಿ ಅದರಲ್ಲಿ ಇಡ್ಲಿ ಹಿಟ್ಟು ಬೇಯಿಸುತ್ತಾರಲ್ಲ, ಆ ಎಲೆಯ ವಾಸನೆಗೋಸ್ಕರವಾದರೂ ಬೇಗ ಏಳಬೇಕು. ಹಾಸ್ಟೆಲ್ ಗೇಟಿಗೆ ಅದು ಅರ್ಥವಾಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಮಂದಿ ಮೊದಲ ಕಂತಿನಲ್ಲೇ ಮಸಾಲೆ ದೋಸೆ, ಇಡ್ಲಿ-ವಡಾ ಎಲ್ಲ ಹೇಳಿ ಹೊಟ್ಟೆ ತುಂಬಿಸಿಕೊಂಡುಬಿಡುತ್ತಾರೆ. ಊರಲ್ಲಿ ಹನ್ನೊಂದಕ್ಕೂ ಇಡ್ಲಿ-ವಡಾ ಸಿಗುತ್ತದೆ, ಅದೇ ಹೊತ್ತಿಗೆ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸದ್ದೂ ಶುರುವಾಗಿರುತ್ತದೆ, ಹಾಗಾಗಿ ನಮಗೆ ಕಾದು ತಿನ್ನುವ ರೂಢಿ ಇಲ್ಲ. ಮಂಗಳೂರಿನಲ್ಲಿ ಕಾಯಬೇಕು. ಬನ್ಸ್ ಒಂದು, ಗೋಳಿಬಜೆ ಎರಡು, ಕಾಫಿ. ಸಾಕು, ಏಳಿ.

ಆಟೋ ಹಿಡಿದು ರಥಬೀದಿಗೆ ಹೋದೆವು. ಸೆಪ್ಟೆಂಬರ್ ತಿಂಗಳು, ಮಳೆ ಬಂದು ನಿಂತಿತ್ತು, ಸೆಕೆ ಮಾತ್ರ ನಿಂತಿರಲಿಲ್ಲ. ಅವ್ವ ಮತ್ತು ನನ್ನ ಹೆಂಡತಿ ವೆಂಕಟರಮಣ ದೇವಸ್ಥಾನದ ಕಡೆ ಹೊರಟರು, ದಾರಿಯಲ್ಲಿ ಮಲ್ಲಿಗೆಯ ರೇಟು ಕೇಳಿ ಇಬ್ಬರೂ ಒಟ್ಟಿಗೇ "ಯವ್ವಾ" ಅಂದದ್ದು ನನಗೆ ಕೇಳಿಸಿತು. ನಾವಿಬ್ಬರು ಹತ್ತಿರದಲ್ಲೇ ಇರುವ ಗಿರಿ ಮಂಜಾಸ್ ಅನ್ನುವ ಮೀನೂಟದ ಹೋಟೆಲಿಗೆ. ಸಣ್ಣ ಜಾಗ. ಜನ ಜಾಸ್ತಿ. ಅಂದ ಚಂದ ಹುಡುಕಬೇಡಿ, ಊಟ ನೋಡಿ.

ಮೀನಿನ ಹೆಸರು ಗೊತ್ತಿಲ್ಲದೆ ಒಳಗೆ ಹೋದರೆ ನಮ್ಮಂಥ ಬಯಲುಸೀಮೆಯವರು ಪೇಚಿಗೆ ಸಿಗುತ್ತೇವೆ. ಮಗಳು ಈಗ ಪಳಗಿದ್ದಾಳೆ. ಬಂಗುಡೆ ಅಗ್ಗ, ರುಚಿ ಜೋರು, ಎಣ್ಣೆಯಂಶ ಇರುವ ಮೀನು. ಬೂತಾಯಿ ಅದಕ್ಕಿಂತ ಸಣ್ಣದು, ಮುಳ್ಳಿನ ಕಾಟ, ಆದರೆ ಹುಳಿ-ಖಾರದ ಪುಳಿಮುಂಚಿ ಮಾಡಿದರೆ ಅದನ್ನು ಮೀರಿಸಿದ್ದಿಲ್ಲ. ಕಾಣೆ ಉದ್ದಕ್ಕೆ, ಮೆತ್ತಗೆ, ನಡುವಿನ ಮುಳ್ಳು ಎಳೆದರೆ ಬಂದುಬಿಡುತ್ತದೆ, ಹೊಸಬರು ಅದರಿಂದ ಶುರುಮಾಡಬಹುದು. ಅಂಜಲ್ ದುಡ್ಡಿದ್ದವರದ್ದು. ಕರಿದದ್ದು ಬೇಕಾದರೆ ರವಾ ಫ್ರೈ, ಮಸಾಲೆ ಬೇಕಾದರೆ ತವಾ ಫ್ರೈ. ಇದನ್ನೆಲ್ಲ ಅವಳು ನನಗೆ ಸಾಲಿನಲ್ಲಿ ನಿಂತೇ ಪಾಠ ಮಾಡಿದಳು. ಕಾಲೇಜಿನ ಫೀಸಿನಲ್ಲಿ ಇದೂ ಸೇರಿದೆ ಅಂದುಕೊಂಡೆ.

ನಾನು ಬಂಗುಡೆ ತವಾ ಫ್ರೈ ಮತ್ತು ಊಟ ಹೇಳಿದೆ. ಕುಚ್ಚಲಕ್ಕಿ ಅನ್ನ, ಅದರ ಮೇಲೆ ಮೀನಿನ ಸಾರು. ದಪ್ಪ ದಪ್ಪ ಅಗುಳು, ಜಗಿಯಬೇಕು. ಜೋಳದ ರೊಟ್ಟಿ ಜಗಿದ ಬಾಯಿಗೆ ಅದೇನು ಕಷ್ಟವಲ್ಲ, ಬೆಳ್ಳಗಿನ ಅನ್ನ ಉಂಡವರೇ ಗೊಣಗುವುದು. ಬಂಗುಡೆಯ ಮೈಗೆ ಮಸಾಲೆ ಅಂಟಿಕೊಂಡು ಅಂಚು ಗರಿಗರಿ ಆಗಿತ್ತು. ಮೀನು ತಾಜಾ ಇರುವುದು ಗೊತ್ತಾಗುತ್ತಿತ್ತು. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಮೀನು ಮೊಟ್ಟೆಯಿಡುವ ಕಾಲ ಅಂತ ಸರ್ಕಾರದ ನಿಷೇಧ. ಆ ಎರಡು ತಿಂಗಳು ಸಿಗುವುದು ನಾಡದೋಣಿಯವರು ದಡದ ಹತ್ತಿರ ಹಿಡಿದದ್ದು, ಇಲ್ಲವೇ ಬೇರೆ ಕಡೆಯಿಂದ ಐಸಿನಲ್ಲಿ ಬಂದದ್ದು. ಅಡ್ಮಿಷನ್ನಿಗೆ ಅಂತ ನಮ್ಮವರು ಮಂಗಳೂರಿಗೆ ಹೋಗುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ, ಹೋಗಿ ಬಂದು "ಅಂಥಾದ್ದೇನಿಲ್ಲ ಬಿಡ್ರಿ" ಅನ್ನುತ್ತಾರೆ.

ಸಾರಿನ ಬಣ್ಣ ನೋಡಿ ಮಗಳು ಫೋಟೋ ತೆಗೆದಳು. ಅಜ್ಜಿಗೆ ತೋರಿಸಲಿಕ್ಕೆ.

ಹಂಪನಕಟ್ಟೆಯಲ್ಲಿ ನಾಲ್ವರೂ ಮತ್ತೆ ಸೇರಿದೆವು. ಅವ್ವ ಮೊದಲು ನನ್ನ ಕೈ ಮೂಸಿದಳು, ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಮಗಳ ಫೋನು ಇಸಿದುಕೊಂಡು ಫೋಟೋ ನೋಡಿದಳು. ಮೀನು ಕಂಡಿತೋ ಇಲ್ಲವೋ, ಅವಳು ಕೇಳಿದ್ದು ಬೇರೆ.

"ಖಾರ ಇತ್ತೇನು?"

"ಅಷ್ಟೇನಿಲ್ಲ ಅಜ್ಜಿ. ಬಣ್ಣಾನೇ ಕೆಂಪು."

"ಮತ್ತ! ನಮ್ಮೂರಿಂದು ಅದು."

ಅವ್ವನ ತವರು ಬ್ಯಾಡಗಿ. ಹಾವೇರಿ ಜಿಲ್ಲೆಯ ಆ ಊರಿನ ಮೆಣಸಿನಕಾಯಿ ಇಲ್ಲದೆ ಕರಾವಳಿಯ ಕಾಯಿ ಅರೆದ ಗಸಿ, ಒಣ ಪಲ್ಯದಂಥ ಸುಕ್ಕ, ಕುಂದಾಪುರದ ಘೀ ರೋಸ್ಟು ಯಾವುದಕ್ಕೂ ಆ ಕೆಂಪು ಬರುವುದಿಲ್ಲ. ಬಣ್ಣ ತುಂಬಾ, ಖಾರ ಕಡಿಮೆ, ಅದಕ್ಕೇ ಒಂದು ಹಿಡಿ ಮೆಣಸು ಹಾಕಿ ಅರೆದರೂ ನಾಲಿಗೆ ಉರಿಯುವುದಿಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅದರ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. ಅವ್ವ ನಿಂತಲ್ಲೇ ಶುರುಮಾಡಿದಳು. ಬ್ಯಾಡಗಿ ಮೆಣಸಿನಕಾಯಿಯಲ್ಲೇ ಎರಡು ಜಾತಿ, ಡಬ್ಬಿ ಬೇರೆ, ಕಡ್ಡಿ ಬೇರೆ. ಡಬ್ಬಿ ಗಿಡ್ಡ, ದುಂಡಗೆ, ಬಣ್ಣಕ್ಕೆ ಅದೇ ಮೇಲು. ಕಡ್ಡಿ ಉದ್ದ, ಸಣಕಲು, ಮೈಯೆಲ್ಲ ಸುಕ್ಕು. ಸುಗ್ಗಿಯಲ್ಲಿ ಮನೆಯ ಮುಂದೆ ಕಾಲಿಡಲು ಜಾಗ ಇಲ್ಲದಂತೆ ಹರವಿರುತ್ತಿದ್ದರಂತೆ, ಮಾರ್ಕೆಟ್ಟಿನ ದಿನ ಊರಿಗೂರೇ ಸೀನುತ್ತಿತ್ತಂತೆ. ಚೀಲ ಹೊತ್ತು ಲಾರಿಗಳು ಹೋಗುವುದು ನೋಡಿದ್ದಾಳೆ, ಎಲ್ಲಿಗೆ ಹೋಗುತ್ತವೆ ಅಂತ ಯಾರೂ ಹೇಳಿರಲಿಲ್ಲ. "ಇಲ್ಲಿಗೆ ಬಂದು ಮೀನದಾಗ ಬಿದ್ದಾವು ನೋಡು" ಅಂದಳು. ಬೇಜಾರಿನ ದನಿಯೇನಲ್ಲ, ಸ್ವಲ್ಪ ಜಂಬವೇ ಇತ್ತು ಅನ್ನಿ.

ಕೊನೆಗೆ ಐಡಿಯಲ್ ಐಸ್‌ಕ್ರೀಮ್. 1975ರಿಂದ ಇರುವ ಅಂಗಡಿ, ಗಡ್‌ಬಡ್ ತಿನ್ನದೆ ಹೊರಗೆ ಬಂದರೆ ಮಗಳು ಮಾತು ಬಿಡುತ್ತಾಳೆ. ಉದ್ದನೆಯ ಗ್ಲಾಸಿನಲ್ಲಿ ಬೇರೆ ಬೇರೆ ಐಸ್‌ಕ್ರೀಮು, ನಡುವೆ ಜೆಲ್ಲಿ, ಹಣ್ಣು, ಗೋಡಂಬಿ. ಅವ್ವನ ಶುಗರ್ ನೆನಪಿಸಿ ಮೂರೇ ಗ್ಲಾಸ್ ಹೇಳಿದೆ. ಅವಳು ಸೊಸೆಯ ಗ್ಲಾಸು ತನ್ನ ಕಡೆ ಎಳೆದುಕೊಂಡು, "ಗುಳಿಗಿ ತಗೊಂಡೀನಲ್ಲ, ಅದಕ್ಕೂ ಏನರ ಕೆಲಸ ಬೇಕಲ್ಲ" ಅಂದಳು. ನಾಲ್ಕನೇದು ತರಿಸಬೇಕಾಯಿತು.

ಇಷ್ಟಕ್ಕೆ ಮೂರು ಗಂಟೆ ದಾಟಿತ್ತು. ಇನ್ನೂ ಬಿಟ್ಟುಹೋದದ್ದು ಎಷ್ಟೋ ಇದೆ. ಭಾನುವಾರ ಪೂಜೆ ಮುಗಿಸಿ ಬಂದ ಕ್ಯಾಥೊಲಿಕರ ಮನೆಗಳಲ್ಲಿ ಇಡ್ಲಿಯಂಥ ಮೆತ್ತಗಿನ ಸನ್ನಾಸ್ ಜೊತೆ ಹಂದಿಯ ಸಾರು ಇರುತ್ತದೆ, ಮಗಳ ರೂಮ್‌ಮೇಟ್ ಕರೆದಿದ್ದಾಳೆ, ಹೋಗುವುದು ನನ್ನ ಬಾಯಿಗೆ ಬಿಟ್ಟದ್ದು. ಬೆಳಿಗ್ಗೆ ಬೇಗ ಬಿಡುವಿದ್ದವರು ಉಡುಪಿಗೆ ಹೋಗಿ ಕೃಷ್ಣ ಮಠದ ಹತ್ತಿರದ ಮಿತ್ರ ಸಮಾಜ ಹೋಟೆಲಿನಲ್ಲಿ ಕೂತು ಬರಬಹುದು. ಮಗಳ ಪಟ್ಟಿಯಲ್ಲಿ ಮುಂದಿನ ಸಲಕ್ಕೆ ಇರುವುದು ಕೋರಿ ರೊಟ್ಟಿ, ಅಕ್ಕಿಯ ತೆಳ್ಳನೆ ಗರಿಗರಿ ರೊಟ್ಟಿಯನ್ನು ಮುರಿದು ಹಾಕಿ ಮೇಲೆ ಕೋಳಿ ಗಸಿ ಸುರಿಯುವುದು. ಗರಿಗರಿ ರೊಟ್ಟಿ ಅಂದದ್ದೇ ಅವ್ವನ ಕಿವಿ ನೆಟ್ಟಗಾಯಿತು. ಕೋಳಿಯ ವಿಷಯ ಬಿಡಿಸಿ ಹೇಳಿದ ಮೇಲೂ ಅವಳು ಬಿಡಲಿಲ್ಲ.

"ಬರೀ ರೊಟ್ಟಿ ಮಾರತಾರೇನು ಕೇಳು. ನಮ್ಮ ಖಡಕ್ ರೊಟ್ಟಿ ಮುಂದ ಎಷ್ಟು ದಿನಾ ಬಾಳತೈತಿ ನೋಡೋಣು."